ಕತ್ರಿಗೆ ಸಿಕ್ಕ ಗುಂಡಿಗೆ

ಮೂರರಿಂದ ಆರು ವರ್ಷದ ಮಕ್ಕಳಿಗೆ ಹೃದಯದ ಆಕಾರ ಇಟ್ಟುಕೊಂಡು ಕಲಿಸುವ ಆಟಗಳಲ್ಲಿ ಮೊದಲನೆಯದು ಗುರುತು ಹಿಡಿಯುವ ಆಟ. ಹುಮನಾಬಾದ್ ತಾಲ್ಲೂಕಿನ ಹಳ್ಳಿಖೇಡ (ಬಿ)ಯಂಥ ಊರಿನಲ್ಲಿ ಇದಕ್ಕೆ ದುಬಾರಿ ಸಾಮಾನು ಬೇಕಿಲ್ಲ. ಪಾನ್ ಅಂಗಡಿಯ ವೀಳ್ಯದೆಲೆ, ಕಟ್ಟೆಯ ಅರಳಿ ಎಲೆ ಸಾಕು. ಮಗು ತೊಟ್ಟು ಹಿಡಿದು ಎಲೆಯನ್ನು ಬಾವುಟದಂತೆ ಎತ್ತಿದರೆ ಹೃದಯ ತಲೆಕೆಳಗು. ತೊಟ್ಟು ಮೇಲೆ ಮಾಡಿ ಜೋತುಬಿಟ್ಟರೆ ನೆಟ್ಟಗೆ. ಕೆಂಪು ಹೃದಯದ ಚಿತ್ರ ನೋಡಿ, ಇಸ್ಪೀಟಾಡುವ ಮುತ್ಯಾನ ಮಗ್ಗುಲಲ್ಲಿ ಕೂತು ಬೆಳೆದ ಮಗು 'ಬದಾಮ್ ಎಕ್ಕಾ' ಎಂದರೆ ಅದಕ್ಕೂ ಪೂರ್ತಿ ಅಂಕ. ವಿಚಾರಣೆ ಆಗಬೇಕಾದ್ದು ಮುತ್ಯಾನದು.

ಎರಡನೆಯದು ಕಾಗದ ಕತ್ತರಿಸುವುದು. ಹಾಳೆಯನ್ನು ನಡುವೆ ಮಡಚಿ, ಮಡಚಿದ ಅಂಚಿಗೆ ತಾಗಿಸಿ ಅರ್ಧ ಹೃದಯ ಬರೆದು, ಕತ್ತರಿಸಿ ಬಿಚ್ಚಿದರೆ ಎಡಬಲ ಸಮನಾದ ಪೂರ್ಣ ಹೃದಯ. ಮಕ್ಕಳಿಗೆ ಇದು ಬೇಗ ಬರುತ್ತದೆ. ಬಾರದಿರುವುದು ತೋರಿಸಿಕೊಡಲು ಕೂರುವ ದೊಡ್ಡವರಿಗೆ, ಅದರಲ್ಲೂ ಡಿಗ್ರಿ ಮುಗಿಸಿದವರಿಗೆ. 'ಇಲ್ಲಿ ನೋಡ್ರಿ' ಎಂದು ಅವರು ಬರೆಯುವುದು ತೆರೆದ ಅಂಚಿನ ಕಡೆ. ಬಿಚ್ಚಲು ಹೋದರೆ ಬಿಚ್ಚುವುದಕ್ಕೇ ಏನೂ ಉಳಿದಿರುವುದಿಲ್ಲ. ಎರಡು ಬಿಡಿ ತುಂಡು ತೊಡೆಯ ಮೇಲೆ ಬೀಳುತ್ತವೆ. ಬದನೆಕಾಯಿ ಎನ್ನುತ್ತದೆ ಒಂದು ಮಗು. ಕಿವಿ ಎನ್ನುತ್ತದೆ ಇನ್ನೊಂದು. ಜೋಡಿ ಇರುವುದರಿಂದ ಕಿವಿಯೇ ಗೆಲ್ಲುತ್ತದೆ. ಎರಡನೇ ಹಾಳೆಗೆ ದೊಡ್ಡವರು ಜಾಣರಾಗಿ ಕಾಗದವನ್ನೇ ಉಲ್ಟಾ ತಿರುಗಿಸುತ್ತಾರೆ. ಜೊತೆಗೆ ಬರೆಯುವ ಬದಿಯನ್ನೂ ಬದಲಿಸಿರುತ್ತಾರೆ; ಈಗ ಕಿವಿ ನಾಲ್ಕು. ಮೂರನೇ ಹಾಳೆಗೆ ಕತ್ರಿಯೇ ಮೊಂಡು ಎಂಬ ತೀರ್ಮಾನ ಹೊರಬೀಳುತ್ತದೆ, ಕತ್ರಿ ತಂದವರ ಮೇಲೆ ಸಣ್ಣ ಸಿಡುಕೂ. ಅಷ್ಟರಲ್ಲಿ ಮೂಲೆಯಲ್ಲಿದ್ದ ಮಗು ಎರಡು ಕಿವಿ ಸೇರಿಸಿ ಗೋಂದು ಹಚ್ಚಿ ಹೃದಯ ಮಾಡಿ ಮುಗಿಸಿರುತ್ತದೆ. ಹೀಗೆ ಮಾಡುವುದು ನಿಯಮಬಾಹಿರ ಎಂದು ವಾದಿಸುವ ದೊಡ್ಡವರೂ ಉಂಟು.

ಉಳಿದ ತುಂಡುಗಳಲ್ಲಿ ಒಂದರ ಮೇಲೆ ಅಂಕಿ, ಇನ್ನೊಂದರ ಮೇಲೆ ಅಷ್ಟೇ ಚುಕ್ಕಿ ಬರೆದರೆ ಜೋಡಿಸುವ ಆಟ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ, ಸರ್ಕಾರಿ ಶಾಲೆಗಳ ನಲಿ–ಕಲಿ ಪದ್ಧತಿಯೂ ಕಾರ್ಡುಗಳನ್ನೇ ನೆಚ್ಚಿದ್ದು, ಒಂದನೇ ತರಗತಿಗೆ ಹೋದಾಗ ಇದು ಉಪಯೋಗಕ್ಕೆ ಬರುತ್ತದೆ.

ಕೊನೆಯದು ನಿಜವಾದ ಗುಂಡಿಗೆಯ ಆಟ. ಅದು ಅವರವರ ಮುಷ್ಟಿಯಷ್ಟು. ಇರುವುದು ಎದೆಯ ನಡುವೆ, ತುಸು ಎಡಕ್ಕೆ, ಸಿನಿಮಾ ನಾಯಕರು ಕೈಯಿಡುವಷ್ಟು ದೂರದಲ್ಲಲ್ಲ. ಸುಮ್ಮನೆ ಕೂತ ದೊಡ್ಡವರಲ್ಲಿ ಅದು ನಿಮಿಷಕ್ಕೆ 60ರಿಂದ 100 ಸಲ ಬಡಿಯುತ್ತದೆ, ಮಕ್ಕಳಲ್ಲಿ ಇನ್ನೂ ಚುರುಕು. ಪ್ಯಾರಿಸಿನ ವೈದ್ಯ ಲೆನೆಕ್ 1816ರಲ್ಲಿ ಕಾಗದ ಸುರುಳಿ ಸುತ್ತಿ ರೋಗಿಯ ಎದೆಬಡಿತ ಆಲಿಸಿದ. ಸ್ಟೆತಾಸ್ಕೋಪಿನ ಹುಟ್ಟು ಅದು. ಹಳೆಯ ಪೇಪರ್ ಸುತ್ತಿ ಮಕ್ಕಳೂ ಹಾಗೇ ಕೇಳಬಹುದು. ಕಚಗುಳಿಯ ನಗೆ ನಿಂತ ಮೇಲೆ ಢವಢವ ಕೇಳುತ್ತದೆ. ಅಂಗಳ ಸುತ್ತಿ ಓಡಿಬಂದರೆ ಜೋರಾಗಿ.

ಈ ಆಟಕ್ಕೆ ಇನ್ನೊಂದು ಕೆಲಸವಿದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಂತೆ ಅಂಗನವಾಡಿ ಮಕ್ಕಳ ತಪಾಸಣೆ ವರ್ಷಕ್ಕೆ ಎರಡು ಸಲ ನಡೆಯಬೇಕು. ಹುಟ್ಟಿನಿಂದ ಬಂದ ಹೃದಯದ ತೊಂದರೆಯೂ ಅದರ ಪಟ್ಟಿಯಲ್ಲಿದೆ. ಓಡುವಾಗ ಎಲ್ಲರಿಗಿಂತ ಮೊದಲು ಕುಕ್ಕರಿಸುವ, ತುಟಿ ನೀಲಿಗಟ್ಟುವ ಮಗುವನ್ನು ಸೋಮಾರಿ ಎನ್ನದೆ ಡಾಕ್ಟರಿಗೆ ತೋರಿಸಬೇಕು. ಅಳುವ ಮಗುವಿನ ಎದೆಯ ಸದ್ದು ಸರಿಯಾಗಿ ಕೇಳುವುದು ಕಷ್ಟ. ಪೇಪರ್ ಸುರುಳಿ ಆಡಿದ ಮಕ್ಕಳು ಅಂಗಿ ಎತ್ತಿ ನಿಲ್ಲುತ್ತಾರೆ, ಆಮೇಲೆ ಡಾಕ್ಟರ ಎದೆ ಕೇಳಲು ತಮ್ಮ ಸುರುಳಿ ತರುತ್ತಾರೆ.