ನಾಸಿಕೋಪಧಾನ ಮೀಮಾಂಸೆ: ಗೊರಕೆಗಾರರ ಹಿತಕ್ಕಾಗಿ ಒಂದು ಲಘು ಶಾಸ್ತ್ರ

ಮಂಗಳಾಚರಣೆ

ಎಲ್ಲ ಶಾಸ್ತ್ರಗಳೂ ಗಣಪತಿಗೆ ಕೈಮುಗಿದೇ ಶುರುವಾಗುತ್ತವೆ. ಆ ನಮಸ್ಕಾರ ಸಲ್ಲಿಸುವ ಹಕ್ಕು ಈ ಶಾಸ್ತ್ರಕ್ಕೆ ಉಳಿದವುಗಳಿಗಿಂತ ಒಂದು ಗೇಣು ಹೆಚ್ಚು. ಮುಖದ ನಡುವಿನಿಂದ ಉದ್ದನೆಯ ಕೊಳವೆ ಇಳಿಬಿಟ್ಟುಕೊಂಡೂ ಗಾಂಭೀರ್ಯ ಕೆಡದಂತೆ ಕೂರಬಹುದೆಂದು ಲೋಕಕ್ಕೆ ಮೊದಲು ತೋರಿಸಿಕೊಟ್ಟವನು ಅವನೇ.

ಅನುಬಂಧ ಚತುಷ್ಟಯ

ಶಾಸ್ತ್ರಕಾರನು ಆರಂಭದಲ್ಲಿ ನಾಲ್ಕು ಸಂಗತಿ ಹೇಳಲೇಬೇಕೆಂಬುದು ಹಿರಿಯರ ಕಟ್ಟಳೆ. ವಿಷಯ: ಮಲಗಿದಾಗ ಎರಡು ಹೊಳ್ಳೆಗಳ ಅಂಚಿಗೆ ಕೂರುವ ಪುಟ್ಟ ಸಿಲಿಕೋನ್ ಮೆತ್ತೆಗಳು, ಅಂದರೆ ನೇಸಲ್ ಪಿಲೋ ಮಾಸ್ಕ್. ಪ್ರಯೋಜನ: ನಿದ್ದೆಯಲ್ಲಿ ಆಗಾಗ ಉಸಿರು ನಿಲ್ಲುವ ಸ್ಲೀಪ್ ಆಪ್ನಿಯಾ ರೋಗ ಇರುವವನಿಗೆ ರಾತ್ರಿಯಿಡೀ ಉಸಿರು, ಪಕ್ಕದಲ್ಲಿ ಮಲಗುವವರಿಗೆ ನಿದ್ದೆ. ಸಂಬಂಧ: ಕೊಳವೆಯ ಮೂಲಕ ಒತ್ತಡದ ಗಾಳಿ ಊದುವ ತಲೆದೆಸೆಯ ಸಿಪ್ಯಾಪ್ ಯಂತ್ರದೊಡನೆ. ಅಧಿಕಾರಿ: “ನಾನು ಗೊರಕೆ ಹೊಡೆಯುವುದೇ ಇಲ್ಲ” ಎಂದು ಸಾಧಿಸುವವನು. ಹೊಡೆಯುತ್ತೇನೆಂದು ಒಪ್ಪಿಕೊಂಡವನು ಆಗಲೇ ಡಾಕ್ಟರ ಹತ್ತಿರ ಹೋಗಿರುತ್ತಾನಾದ್ದರಿಂದ ಅವನಿಗೆ ಶಾಸ್ತ್ರದ ಹಂಗಿಲ್ಲ.

ಪ್ರಮಾಣ ವಿಚಾರ

ಗೊರಕೆಯೆಂಬ ಪದಾರ್ಥ ಇದೆಯೆನ್ನಲು ಪ್ರಮಾಣವೇನು?

ಪ್ರತ್ಯಕ್ಷವೆನ್ನುವ ಹಾಗಿಲ್ಲ. ಊರಿಗೆಲ್ಲ ಕೇಳಿಸಿ ಹೊಡೆದವನಿಗೊಬ್ಬನಿಗೆ ಕೇಳಿಸದ ಸದ್ದು ಇದು. “ನಾನು ಕೇಳಿಲ್ಲ, ಆದ್ದರಿಂದ ಇಲ್ಲ” ಎಂಬುದು ಯಜಮಾನರ ವಾದ. “ನಾನು ಮಲಗಿಲ್ಲ, ಆದ್ದರಿಂದ ಇದೆ” ಎಂಬುದು ಮನೆಯಾಕೆಯ ವಾದ.

ಅನುಮಾನಕ್ಕೆ ಸಾಮಗ್ರಿ ಬೇಕಾದಷ್ಟಿದೆ. ಎದ್ದ ಕೂಡಲೇ ಒಣಗಿದ ಬಾಯಿ, ಬೆಳಗಿನ ತಲೆನೋವು, ಮಧ್ಯಾಹ್ನದ ಮೀಟಿಂಗಿನಲ್ಲಿ ಎಲ್ಲದಕ್ಕೂ ಒಪ್ಪಿಗೆಯೆಂಬಂತೆ ಕೆಳಗಿಳಿಯುವ ತಲೆ. ಉಪಮಾನವನ್ನು ಸ್ಲೀಪರ್ ಬಸ್ಸಿನ ಸಹಪ್ರಯಾಣಿಕರು ಒದಗಿಸುತ್ತಾರೆ: “ರಾತ್ರಿಯೆಲ್ಲ ಬೋರ್‌ವೆಲ್ ಲಾರಿ ಪಕ್ಕ ಮಲಗಿದ ಹಾಗಿತ್ತು ಸ್ವಾಮಿ, ನೀರೊಂದು ಬೀಳಲಿಲ್ಲ.” ಶಬ್ದಪ್ರಮಾಣಕ್ಕೆ ಆಪ್ತವಾಕ್ಯ ಬೇಕು. ಅದು ಹಾಸಿಗೆಯ ಆ ಬದಿಯಿಂದ ಬರುತ್ತದೆ: “ರೀ, ನೀವು ಗೊರಕೆ ಹೊಡೆದರೆ ನನಗೆ ಸಿಟ್ಟು ಬರುತ್ತೆ. ಅದು ಗಕ್ಕನೆ ನಿಂತರೆ ಭಯವಾಗುತ್ತೆ.”

ಇಲ್ಲಿ ಭಾಷ್ಯಕಾರರೆಲ್ಲ ಎದ್ದು ನಿಲ್ಲಬೇಕು. ಇರಬೇಕಾದದ್ದು ಇಲ್ಲವೆಂಬುದರಿಂದಲೇ ಹುಟ್ಟುವ ಅರಿವನ್ನು ಮೀಮಾಂಸಕರು ಅನುಪಲಬ್ಧಿ ಎಂದಿದ್ದಾರೆ. ಈ ರೋಗದಲ್ಲಿ ಅದೇ ಪರಮ ಪ್ರಮಾಣ. ಬರಿಯ ಗೊರಕೆ ಉಪದ್ರವ, ನಡುನಡುವಿನ ಮೌನ ಅಪಾಯ. ನಿದ್ದೆಯಲ್ಲಿ ಗಂಟಲಿನ ಸ್ನಾಯು ಸಡಿಲಗೊಂಡು, ನಾಲಿಗೆ ಹಿಂದಕ್ಕೆ ಜಾರಿ, ಉಸಿರಿನ ದಾರಿ ಮುಚ್ಚಿಹೋಗುತ್ತದೆ. ಕನಿಷ್ಠ 10 ಸೆಕೆಂಡು ಹಾಗೆ ನಿಂತರೆ ಒಂದು ಆಪ್ನಿಯಾ. ರಕ್ತದಲ್ಲಿ ಆಮ್ಲಜನಕ ಇಳಿಯುತ್ತದೆ, ಮಿದುಳು ಗಾಬರಿಬಿದ್ದು ಎಬ್ಬಿಸುತ್ತದೆ, ಮಲಗಿದವನು ದೊಡ್ಡದೊಂದು ಉಸಿರೆಳೆದು ಏನೂ ಆಗದವನಂತೆ ಮತ್ತೆ ಮಲಗುತ್ತಾನೆ. ಹೀಗೆ ಉಸಿರು ನಿಲ್ಲುವುದೋ ಕುಗ್ಗುವುದೋ ಗಂಟೆಗೆ 5ರಿಂದ 15 ಸಲವಾದರೆ ಸೌಮ್ಯ, 15ರಿಂದ 30 ಆದರೆ ಮಧ್ಯಮ, ಅದನ್ನೂ ಮೀರಿದರೆ ತೀವ್ರ. ಮೈತುಂಬ ವೈರು ಅಂಟಿಸಿ ಮಲಗಿಸುವ ನಿದ್ರಾ ಪರೀಕ್ಷೆಯಲ್ಲಿ ಈ ಲೆಕ್ಕ ಸಿಗುತ್ತದೆ. ಹೆಂಡತಿ ವರ್ಷಗಟ್ಟಲೆ ಹೇಳಿದ್ದನ್ನೇ ಕಾಗದ ಹೇಳಿದಾಗ ಗಂಡಸರು ನಂಬುವುದು ಸಂಪ್ರದಾಯ.

ಆದ್ದರಿಂದ ಲಕ್ಷಣವಾಕ್ಯ: ಗಂಟಲು ಸಡಿಲ, ಪಟ್ಟು ಬಿಗಿ. ಗಂಟಲಿನ ಉಪಾಯವನ್ನು ಗಾಳಿ ನೋಡಿಕೊಳ್ಳುತ್ತದೆ, ಪಟ್ಟು ಸಡಿಲಿಸುವುದು ರೋಗಿಯ ಪಾಲಿನ ಕೆಲಸ. ಈ ಶಾಸ್ತ್ರದ ಸಾರವೆಲ್ಲ ಇಷ್ಟೇ, ಮುಂದಿನದು ವಿಸ್ತಾರ.

ಇತಿಹಾಸ ಖಂಡ

ವಾಲ್ಮೀಕಿ ರಾಮಾಯಣದ ಯುದ್ಧಕಾಂಡದಲ್ಲಿ ಕುಂಭಕರ್ಣನನ್ನು ಎಬ್ಬಿಸಹೋದ ರಾಕ್ಷಸರನ್ನು ಅವನ ಉಸಿರಿನ ಗಾಳಿಯೇ ಹಿಂದಕ್ಕೆ ನೂಕುತ್ತದೆ. ಅವರು ಹೆಣಗಾಡಿ ಒಳಹೊಗುತ್ತಾರೆ. ಇದರಿಂದ ಎರಡು ಸಂಗತಿ ಸಿದ್ಧ. ಒಂದು, ಗಾಳಿಯ ಒತ್ತಡಕ್ಕೆ ಮಾಂಸಖಂಡ ಸರಿದು ದಾರಿ ಬಿಡುತ್ತದೆಂದು ಲಂಕೆಯಲ್ಲಿ ತಿಳಿದಿತ್ತು. ಎರಡು, ಗಾಳಿಯ ದಿಕ್ಕು ಮಾತ್ರ ತಪ್ಪಿತ್ತು.

ದಿಕ್ಕು ಸರಿಪಡಿಸಲು ಲೋಕ 1980ರವರೆಗೆ ಕಾಯಬೇಕಾಯಿತು. ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಡಾ. ಕಾಲಿನ್ ಸಲಿವನ್ ಎಂಬುವರು ಧೂಳು ಹೀರುವ ವ್ಯಾಕ್ಯೂಮ್ ಕ್ಲೀನರಿನ ಮೋಟಾರನ್ನು ಗಾಳಿ ಊದುವಂತೆ ತಿರುಗಿಸಿ ರೋಗಿಯ ಮೂಗಿಗೆ ಜೋಡಿಸಿದರು. ಒತ್ತಡದ ಗಾಳಿ ಒಳಗಿನಿಂದ ಊರುಗೋಲು ಕೊಟ್ಟು ಗಂಟಲು ಮುಚ್ಚದಂತೆ ಹಿಡಿಯಿತು. 1981ರಲ್ಲಿ ಐವರು ರೋಗಿಗಳ ವೃತ್ತಾಂತ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ಗಾಳಿ ಕೊಟ್ಟದ್ದು ಹೊಳ್ಳೆಗಳ ಮೂಲಕ ಎಂದು ಆ ಲೇಖನದ ಶೀರ್ಷಿಕೆಯಲ್ಲೇ ಇದೆ. ಹಾಗಾಗಿ ಹೊಳ್ಳೆಯ ಮತವೇ ಮೂಲಮತ, ಮುಖವನ್ನೆಲ್ಲ ಮುಚ್ಚುವ ಮಾಸ್ಕಿನವರು ಆಮೇಲೆ ಕವಲೊಡೆದವರು ಎಂದು ನಮ್ಮ ಪಂಥದವರು ಎದೆತಟ್ಟಿ ಹೇಳಬಹುದು. ಆದಿಯಲ್ಲಿ ಮಾಸ್ಕನ್ನು ರಾತ್ರಿರಾತ್ರಿಯೂ ಮೂಗಿಗೆ ಅಂಟು ಹಾಕಿ ಕೂರಿಸುತ್ತಿದ್ದರು. ಇಂದು ಪಟ್ಟಿ ಕೊಂಚ ಒತ್ತುತ್ತದೆಂದು ಗೊಣಗುವವರು ಈ ಪೂರ್ವಸೂರಿಗಳನ್ನು ನೆನೆಯತಕ್ಕದ್ದು.

ಸೂತ್ರ ಮತ್ತು ಭಾಷ್ಯ

ಸೂತ್ರ 1: ಎಚ್ಚರದಲ್ಲಿ ಒಗ್ಗದ್ದು ನಿದ್ದೆಯಲ್ಲಿ ಒಗ್ಗದು.

ಭಾಷ್ಯ: ಮೊದಲ ರಾತ್ರಿಯೇ ಕಟ್ಟಿಕೊಂಡು ಬೆಳಗಿನವರೆಗೆ ಮಲಗುತ್ತೇನೆಂಬುದು ದುಸ್ಸಾಹಸ. ಹಗಲಲ್ಲಿ ಟೀವಿ ನೋಡುತ್ತಲೋ ಪೇಪರ್ ಓದುತ್ತಲೋ ಮಾಸ್ಕನ್ನಷ್ಟೇ ಹಾಕಿಕೊಂಡಿರಬೇಕು. ಅದು ಒಗ್ಗಿದ ಮೇಲೆ ಕೊಳವೆ ಜೋಡಿಸಿ ಗಾಳಿ ಬಿಟ್ಟುಕೊಳ್ಳಬೇಕು. ಈ ಹಂತದಲ್ಲಿ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯವರು ಕಂಡು, “ಪಾಪ, ಆಕ್ಸಿಜನ್ ಮೇಲಿದ್ದಾರೆ” ಎಂದು ಸುದ್ದಿ ಹಬ್ಬಿಸುವುದುಂಟು. ಅದು ಭ್ರಮೆ. ಯಂತ್ರ ಆಮ್ಲಜನಕವನ್ನು ತಯಾರಿಸುವುದಿಲ್ಲ. ಕೋಣೆಯ ಗಾಳಿಯನ್ನೇ ಸೋಸಿ, ಸಾಮಾನ್ಯವಾಗಿ 4ರಿಂದ 20 ಸೆಂಟಿಮೀಟರ್ ನೀರಿನ ಒತ್ತಡದೊಳಗೆ ಊದುತ್ತದೆ. ಅಡುಗೆಮನೆಯ ಒಗ್ಗರಣೆಯ ಘಾಟು ಅದರಲ್ಲೂ ಬರುತ್ತದೆಂಬುದೇ ಇದಕ್ಕೆ ಸಾಕ್ಷಿ.

ಸೂತ್ರ 2: ಹೊಸ್ತಿಲಲ್ಲಿ ಕೂತದ್ದು ನೆಂಟ, ಒಳನುಗ್ಗಿದ್ದು ಶತ್ರು.

ಭಾಷ್ಯ: ಮೆತ್ತೆಗಳು ಸಣ್ಣದು, ಮಧ್ಯಮ, ದೊಡ್ಡದೆಂದು ಅಳತೆವಾರು ಸಿಗುತ್ತವೆ. ಸಣ್ಣದಾದರೆ ಹಗುರ ಎಂಬುದು ಪೂರ್ವಪಕ್ಷ. ಅಳತೆಗಿಂತ ಸಣ್ಣದು ಹೊಳ್ಳೆಯೊಳಗೆ ಇಳಿದು ಉಜ್ಜಿ ಹುಣ್ಣು ಮಾಡುತ್ತದೆ, ದೊಡ್ಡದು ಅಂಚಿನಲ್ಲಿ ಗಾಳಿ ಸೋರಿಸುತ್ತದೆ ಎಂಬುದು ಸಿದ್ಧಾಂತ. ಹಾಕಿ ನೋಡಿ ಆರಿಸಬೇಕೇ ಹೊರತು ವಂಶದ ಮೂಗಿನ ಅಭಿಮಾನದಿಂದ ಆರಿಸಬಾರದು.

ಸೂತ್ರ 3: ಬಿಗಿದಷ್ಟೂ ಸೋರಿಕೆ.

ಭಾಷ್ಯ: ಇಲ್ಲಿ ಮಹಾವಿವಾದ. ಎಲ್ಲಿ ಸೋರುವುದೋ ಅಲ್ಲಿ ಬಿಗಿಯಬೇಕೆಂದು ಬಿಗಿವಾದಿಗಳು. ಬೆಳಿಗ್ಗೆ ಕೆನ್ನೆಯ ಮೇಲೆ ಪಟ್ಟಿಯ ಬರೆ ಹೊತ್ತು ಆಫೀಸಿಗೆ ಬರುವವರು ಇವರೇ. ಸಡಿಲವಾದಿಗಳ ಉತ್ತರ ಹೀಗಿದೆ: ತೆಳು ಸಿಲಿಕೋನ್ ಗಾಳಿ ತುಂಬಿ ಉಬ್ಬಿದಾಗ ತಾನಾಗಿಯೇ ಹೊಳ್ಳೆಯ ಅಂಚಿಗೆ ಕೂರುತ್ತದೆ. ಎಳೆದು ಕಟ್ಟಿದರೆ ಅದು ಮಡಚಿಕೊಂಡು ಇನ್ನಷ್ಟು ಸೋರುತ್ತದೆ. ಆದ್ದರಿಂದ ಮೊದಲು ಮಲಗು, ಯಂತ್ರ ಹಾಕು, ಆಮೇಲೆ ಪಟ್ಟಿ ಸರಿಪಡಿಸು. ಕೂತು ಕಟ್ಟಿದ್ದು ಮಗ್ಗುಲಾದಾಗ ನಿಲ್ಲುವುದಿಲ್ಲ. ಮನೆಯಲ್ಲಿ ಎಂದೂ ಪಟ್ಟು ಸಡಿಲಿಸದವರಿಗೆ ಈ ಸೂತ್ರ ಅತಿ ಕಠಿಣ. ಹಲವರು ಇಲ್ಲಿಗೆ ಅಧ್ಯಯನ ನಿಲ್ಲಿಸಿ ಯಂತ್ರವನ್ನು ಅಟ್ಟಕ್ಕೆ ಹಾಕುತ್ತಾರೆ.

ಸೂತ್ರ 4: ಬಾಯಿ ಬಿಟ್ಟವನ ಚಿಕಿತ್ಸೆ ಗಾಳಿಗೆ.

ಭಾಷ್ಯ: ಮೂಗಿನಿಂದ ಬರುವ ಗಾಳಿ ಬಾಯಿ ತೆರೆದೊಡನೆ ಅಲ್ಲಿಂದ ಭುಸ್ಸೆಂದು ಹೊರಟುಹೋಗುತ್ತದೆ. ಆದ್ದರಿಂದ ಮಾಸ್ಕ್ ಧರಿಸಿದವನು ಜಗಳದಲ್ಲಿ ಕೊನೆಯ ಮಾತನ್ನು ಆಡಲಾರ. ಇದನ್ನು ಕೆಲವು ಮನೆಗಳಲ್ಲಿ ಮುಖ್ಯಫಲವೆಂದೂ ಉಸಿರಾಟವನ್ನು ಉಪಫಲವೆಂದೂ ಎಣಿಸುತ್ತಾರೆ. ನಿದ್ದೆಯಲ್ಲಿ ತಾನಾಗಿ ಬಾಯಿ ತೆರೆದುಕೊಂಡರೆ ಗದ್ದಕ್ಕೆ ಕಟ್ಟುವ ಪಟ್ಟಿಯುಂಟು. ಅದಕ್ಕೂ ಬಗ್ಗದಿದ್ದರೆ ಮೂಗು, ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿಗೆ ಮತಾಂತರವಾಗುವುದರಲ್ಲಿ ದೋಷವಿಲ್ಲ.

ಸೂತ್ರ 5: ಒಣಗಾಳಿಗೆ ಮೂಗು ಮುನಿಯುತ್ತದೆ.

ಭಾಷ್ಯ: ಯಂತ್ರದ ತೇವದ ತೊಟ್ಟಿಗೆ ಡಿಸ್ಟಿಲ್ಡ್ ನೀರನ್ನೇ ಹಾಕಬೇಕು. ಗಡಸು ನೀರಾದರೆ ತಳದಲ್ಲಿ ಬಿಳಿ ಕರೆ ಕಟ್ಟುತ್ತದೆ. ಚಳಿಗಾಲದಲ್ಲಿ ತೇವ ಕೊಳವೆಯಲ್ಲೇ ಹನಿಗಟ್ಟಿ ನಡುರಾತ್ರಿ ಮೂಗಿಗೆ ಅಭಿಷೇಕವಾಗುವುದುಂಟು. ಆಗ ತೇವ ಕಡಿಮೆ ಮಾಡಿ, ಕೊಳವೆಯನ್ನು ಕಂಬಳಿಯೊಳಗೆ ಸೇರಿಸಿಕೊಳ್ಳುವುದು.

ಸೂತ್ರ 6: ಎಣ್ಣೆಗೂ ಸಿಲಿಕೋನಿಗೂ ಆಗಿಬರದು.

ಭಾಷ್ಯ: ತಲೆಗೆ ಕೊಬ್ಬರಿ ಎಣ್ಣೆ ಬಳಿದು, ಅದೇ ಕೈಯಲ್ಲಿ ಮುಖ ಸವರಿ ಮಲಗುವವರ ಮಾಸ್ಕ್ ಜಾರುತ್ತದೆ. ಮಲಗುವ ಮುಂಚೆ ಮುಖವನ್ನೂ ದಿನಕ್ಕೊಮ್ಮೆ ಮೆತ್ತೆಯನ್ನೂ ಮೃದು ಸೋಪಿನಿಂದ ತೊಳೆಯತಕ್ಕದ್ದು. ಹೊಳ್ಳೆ ಉರಿದರೆ ವ್ಯಾಸಲೀನ್ ಸವರಬಾರದು, ಅದು ಸಿಲಿಕೋನನ್ನು ಕೆಡಿಸುತ್ತದೆ. ಮೀಸೆಯವರಿಗೆ ಮಾತ್ರ ಈ ಮಾಸ್ಕ್ ವರಪ್ರಸಾದ. ಮೆತ್ತೆ ಹೊಳ್ಳೆಯಲ್ಲೇ ಕೂರುವುದರಿಂದ ಮೀಸೆಯ ಗೌರವಕ್ಕೆ ಭಂಗವಿಲ್ಲ.

ಅಪವಾದ: ನೆಗಡಿಯಿಂದ ಮೂಗು ಕಟ್ಟಿದವರಿಗೂ ಹೆಚ್ಚಿನ ಒತ್ತಡ ಬೇಕಾದವರಿಗೂ ಹೊಳ್ಳೆಯ ಮೆತ್ತೆ ತ್ರಾಸವೆನಿಸಬಹುದು. ಮೆಲ್ಲಗೆ ಶುರುವಾಗಿ ಏರುವ ರ್‍ಯಾಂಪ್ ಎಂಬ ಸೌಲಭ್ಯ ಯಂತ್ರಗಳಲ್ಲಿದೆ, ಅದನ್ನು ಬಳಸಬಹುದು. ಒತ್ತಡದ ಅಂಕಿಯನ್ನು ಮಾತ್ರ ಸ್ವಯಂಪಾಂಡಿತ್ಯದಿಂದ ತಿದ್ದದೆ ಡಾಕ್ಟರಿಗೇ ಬಿಡಬೇಕು.

ಫಲಶ್ರುತಿ

ಈ ಶಾಸ್ತ್ರವನ್ನು ನಿತ್ಯ ಪಾರಾಯಣ ಮಾಡುವವರಿಗೆ ಯಾವ ಫಲವೂ ಇಲ್ಲ. ಮಾಸ್ಕ್ ಹಾಕಿಕೊಂಡು ಮಲಗಿದವರಿಗೆ ಮಾತ್ರ, ಅದೂ ಮಲಗಿದಷ್ಟು ಹೊತ್ತು ಮಾತ್ರ ಫಲ. ಇದು ರೋಗವನ್ನು ಬೇರುಸಹಿತ ಕೀಳುವ ಔಷಧವಲ್ಲ, ರಾತ್ರಿರಾತ್ರಿಯೂ ಮಾಡಬೇಕಾದ ನೇಮ. ಮೊದಲ ಕೆಲವು ವಾರ ಕಿರಿಕಿರಿ ಸಹಜ, ಅಷ್ಟಕ್ಕೇ ಕೈಬಿಡಬಾರದು. ಆದ್ದರಿಂದ ಓದುಗ ಮಹಾಶಯರೇ, “ಮಲಗಿದಾಗ ನಿಮ್ಮ ಉಸಿರು ನಿಲ್ಲುತ್ತೆ” ಎಂದು ಮನೆಯವರು ಹೇಳಿದರೆ ಪ್ರಮಾಣ ಕೇಳದೆ ಪರೀಕ್ಷೆಗೆ ಹೋಗಿ. ಮಾಸ್ಕ್ ಬರೆದುಕೊಟ್ಟರೆ ಕಟ್ಟಿಕೊಳ್ಳಿ, ಸಡಿಲವಾಗಿ.