ಮೊದಲು ಆಂಪ್‌ನ ಬೆನ್ನು ನೋಡಲಿ

ಏನ್ ರಾಯರೇ, ಬೆಳಿಗ್ಗೆಯಿಂದ ನಿಮ್ಮ ಹಿತ್ತಲಲ್ಲಿ ಗರಗಸದ ಸದ್ದು? ಓಹೋ, ಮಗರಾಯ ಬಾಸ್ ಗಿಟಾರಿಗೆ ಕ್ಯಾಬಿನೆಟ್ ಮಾಡ್ತಿದಾನಾ! ಮಾಡ್ಲಿ ಬಿಡಿ. ಪ್ಲೈವುಡ್ 18 ಎಂಎಂ ತಾನೆ? ತೀರಾ ತೆಳು ಆದ್ರೆ ಸ್ಪೀಕರಿನ ಜೊತೆ ಹಲಗೆನೂ ಹಾಡೋಕೆ ಶುರು ಮಾಡುತ್ತೆ.

ಸ್ಪೀಕರಿಗೆ ಎಸ್.ಪಿ. ರೋಡಿಗೆ ಹೋಗ್ತಾನಂತಾ? ಹೊರಡೋ ಮೊದಲು ಆಂಪ್ಲಿಫೈಯರನ್ನ ತಿರುಗಿಸಿ, ಬೆನ್ನ ಮೇಲೆ ಏನು ಬರೆದಿದೆ ಓದಿಕೊಳ್ಳೋಕೆ ಹೇಳಿ. ಅಂಗಡಿಗೆ ಹೋದವರೆಲ್ಲ ವ್ಯಾಟ್ ಎಷ್ಟು ಅಂತ ಕೇಳ್ತಾರೆ, ಓಮ್ ಎಷ್ಟು ಅಂತ ಕೇಳೋರು ಕಮ್ಮಿ. ಪೆಟ್ಟಿಗೆ ಎಷ್ಟು ಚೆನ್ನಾಗಿದ್ರೂ ಆಂಪ್ ಬದುಕೋದು ಆ ಓಮಿನ ಮೇಲೆ.

ಕನಿಷ್ಠ 4 ಓಮ್ ಅಂತ ಬರೆದಿದೆ ಅಂತಿಟ್ಕೊಳ್ಳಿ. 8 ಓಮಿನ ಎರಡು ಸ್ಪೀಕರನ್ನ ಪ್ಯಾರಲಲ್ ಹಾಕಿದ್ರೆ 4, ಸೀರೀಸ್ ಹಾಕಿದ್ರೆ 16. 4 ಸರಿಹೋಯ್ತು. ಮೂರು ಹಾಕ್ತೀನಿ ಅಂದ್ರೆ ಮೂರಕ್ಕೂ ಕೆಳಗೆ ಹೋಯ್ತು. ಓಮ್ ಇಳಿದಷ್ಟೂ ಕರೆಂಟು ಜಾಸ್ತಿ ಎಳೆಯುತ್ತೆ, ಒಳಗಿನ ಟ್ರಾನ್ಸಿಸ್ಟರ್ ಕಾಯುತ್ತೆ. ಪ್ರೊಟೆಕ್ಷನ್ ಇದ್ರೆ ನಡು ಹಾಡಿನಲ್ಲಿ ಆಫ್ ಆಗುತ್ತೆ, ಇಲ್ಲದಿದ್ರೆ ಹೊಗೆ. ಗೆಳೆಯ ಕೊಟ್ಟ 4 ಓಮಿನ ಹಳೇದೊಂದನ್ನ 8ರ ಜೊತೆ ಸೇರಿಸ್ತೀನಿ ಅಂದ್ರೂ ಅದೇ ಗತಿ. ಜೊತೆಗೆ ಆ ಹಳೇದು ಪಕ್ಕದವನ ಎರಡರಷ್ಟು ಪವರ್ ನುಂಗುತ್ತೆ.

ನನ್ನ ಕೇಳಿದ್ರೆ, ಹತ್ತಿಂಚಿನ 8 ಓಮಿನವು ನಾಲ್ಕು ತರಲಿ. ಎರಡೆರಡನ್ನ ಸೀರೀಸ್ ಮಾಡಿ, ಆ ಎರಡು ಜೋಡಿನ ಪ್ಯಾರಲಲ್ ಹಾಕಿದ್ರೆ ಒಟ್ಟು ಮತ್ತೆ 8 ಓಮೇ. ನಾಳೆ ಅಂಥದ್ದೇ ಇನ್ನೊಂದು ಪೆಟ್ಟಿಗೆ ಕಟ್ಟಿ ಪಕ್ಕಕ್ಕಿಟ್ರೆ ಎರಡೂ ಸೇರಿ 4. ಮೊದಲ ದಿನವೇ 4 ಓಮಿಗೆ ಇಳಿದವನಿಗೆ ಎರಡನೇ ಪೆಟ್ಟಿಗೆಗೆ ಜಾಗನೇ ಇರಲ್ಲ.

8ರಲ್ಲಿ ಪವರ್ ಕಮ್ಮಿ ಬರುತ್ತಲ್ಲ ಅಂತ ಅವನು ರಾಗ ತೆಗೀತಾನೆ, ನೋಡ್ತಿರಿ. ಅರ್ಧಕ್ಕಿಳಿದ್ರೂ ಕಳೆಯೋದು 3 ಡೆಸಿಬೆಲ್ ರಾಯರೇ. ಸದ್ದು ಎರಡರಷ್ಟು ಅನ್ನಿಸ್ಬೇಕಾದ್ರೆ ಸುಮಾರು 10 ಬೇಕು!

ದೊಡ್ಡ ಕಂಪನಿಯವರೂ ಈ ಲೆಕ್ಕದಲ್ಲಿ ತಲೆ ಕೆಡಿಸಿಕೊಂಡೋರೇ. ಅಮೆರಿಕದ ಆಂಪೆಗ್‌ನೋರು 1969ರಲ್ಲಿ ಎಸ್‌ವಿಟಿ ಅಂತ 300 ವ್ಯಾಟಿನ ವಾಲ್ವ್ ಆಂಪ್ ತಂದ್ರು. ಅದರ ಪೆಟ್ಟಿಗೆಗೆ ಹತ್ತಿಂಚಿನವು ಎಂಟು. ಎಂಟೂ 8 ಓಮಿನವಾದ್ರೆ ಪ್ಯಾರಲಲ್‌ನಲ್ಲಿ ಉಳಿಯೋದು 1 ಓಮ್. ಅದಕ್ಕೆ ಒಂದೊಂದೂ 32 ಓಮಿನ ಸ್ಪೀಕರ್ ಹಾಕಿ 4ಕ್ಕೆ ತಂದ್ರು. ಐವತ್ತರ ದಶಕದ ಫೆಂಡರ್ ಬಾಸ್‌ಮ್ಯಾನ್ ಬೇರೆ ದಾರಿ ಹಿಡೀತು. 8 ಓಮಿನ ನಾಲ್ಕೂ ಪ್ಯಾರಲಲ್, ಒಟ್ಟು 2 ಓಮ್, ಆಂಪಿನ ಟ್ರಾನ್ಸ್‌ಫಾರ್ಮರನ್ನೇ ಅದಕ್ಕೆ ಒಪ್ಪೋ ಹಾಗೆ ಸುತ್ತಿದ್ರು. ಹಾಗೆ ಸುತ್ತೋಕೆ ಟ್ರಾನ್ಸ್‌ಫಾರ್ಮರ್ ಇರೋದು ವಾಲ್ವ್ ಆಂಪಿನಲ್ಲಿ. ಅದರ ಸ್ವಭಾವವೂ ಬೇರೆ. ಸ್ಪೀಕರ್ ಹಾಕದೆ ಬಾರಿಸಿದ್ರೆ ಟ್ರಾನ್ಸ್‌ಫಾರ್ಮರಿಗೇ ಅಪಾಯ. ನಿಮ್ಮವನದ್ದು ಟ್ರಾನ್ಸಿಸ್ಟರಿಂದು, ಆ ತಾಪತ್ರಯ ಇಲ್ಲ.

ಅಂದಹಾಗೆ, ಮಲ್ಟಿಮೀಟರ್ ಹಿಡಿದ್ರೆ 8 ಓಮಿನದ್ದು ಸುಮಾರು 6 ತೋರಿಸುತ್ತೆ. ಅಂಗಡಿಯವನ ಜೊತೆ ಜಗಳಕ್ಕೆ ನಿಲ್ಲೋದು ಬೇಡ. ಮೀಟರ್ ಅಳೆಯೋದು ಬರೀ ಕಾಯಿಲ್ ತಂತಿಯ ಡಿಸಿ ರೆಸಿಸ್ಟೆನ್ಸು. ಬಾರಿಸುವಾಗ ಇಂಪೀಡೆನ್ಸ್ ಸ್ವರದಿಂದ ಸ್ವರಕ್ಕೆ ಏರ್ತಾ ಇಳೀತಾ ಇರುತ್ತೆ. ಪೆಟ್ಟಿಗೆಯೊಳಗೆ ಕೋನ್ ತಾನಾಗೇ ಅನುರಣಿಸೋ ಕಡೆ ಹಲವು ಪಟ್ಟು ಮೇಲಕ್ಕೆ ಹಾರುತ್ತೆ. 8 ಅನ್ನೋದು ಕಂಪನಿಯೋರು ವ್ಯವಹಾರಕ್ಕೆ ಇಟ್ಟ ಅಂಕಿ.

ಇನ್ನು ಬೆಸುಗೆ ಹಾಕುವಾಗ ಕೆಂಪು ಕಪ್ಪು ಅದಲುಬದಲಾಗದ ಹಾಗೆ ನೋಡ್ಕೊಳ್ಳಲಿ. ಒಂದು ಸ್ಪೀಕರ್ ಉಲ್ಟಾ ಆದ್ರೆ ಓಮ್ ಸರಿಯಾಗೇ ಇರುತ್ತೆ, ಬಾಸ್ ಮಾತ್ರ ಒಂದನ್ನೊಂದು ಹೊಡೆದುಹಾಕಿ ಸತ್ತುಹೋಗುತ್ತೆ. ಸೆಲ್ಲಿನ ಪ್ಲಸ್ಸನ್ನ ಕೆಂಪಿಗೆ, ಮೈನಸ್ಸನ್ನ ಕಪ್ಪಿಗೆ ಒಂದು ಕ್ಷಣ ಮುಟ್ಟಿಸಿದ್ರೆ ನಾಲ್ಕೂ ಕೋನ್ ಮುಂದಕ್ಕೇ ಬರಬೇಕು. ಸೆಲ್ ಇಲ್ವಾ? ತಾಳಿ, ನಮ್ಮ ಟಿವಿ ರಿಮೋಟಿಂದು ತೆಗೆದು ಕೊಡ್ತೀನಿ. ಆದ್ರೆ ಸಂಜೆ ಧಾರಾವಾಹಿ ಹೊತ್ತಿಗೆ ವಾಪಸ್ ಬರ್ಬೇಕು, ಇಲ್ಲದಿದ್ರೆ ನಮ್ಮವಳು ಈ ಕಾಂಪೌಂಡ್ ಹಾರಿ ಬರ್ತಾಳೆ.