ವ್ಯಾಟ್ ಖಂಡನ, ತೂಕ ಮಂಡನ

ಬ್ಲೂಟೂತ್ ಪಾರ್ಟಿ ಸ್ಪೀಕರ್‌ಗಳ ತರತಮವನ್ನು ನಿರ್ಣಯಿಸುವ ಪ್ರಮಾಣ ಯಾವುದು ಎಂಬುದು ಪ್ರಸ್ತುತ ಪ್ರಬಂಧದ ಜಿಜ್ಞಾಸೆ. ಈ ವಿಷಯದಲ್ಲಿ ವ್ಯಾಟ್‌ವಾದಿಗಳು, ಬ್ಯಾಟರಿವಾದಿಗಳು, ದೀಪವಾದಿಗಳು ಎಂದು ಮೂರು ಮತಗಳು ಪ್ರಚಲಿತ. ಹಾಡಿನ ತಾಳಕ್ಕೆ ಬಣ್ಣ ಬದಲಿಸುವ ಎಲ್‌ಇಡಿ ಬಳೆ ನೋಡಿಯೇ ದುಡ್ಡು ತೆಗೆಯುವ ದೀಪವಾದಿಗಳೊಡನೆ ವಾದ ಸಲ್ಲದು, ಅವರದು ಭಕ್ತಿಮಾರ್ಗ. ಉಳಿದಿಬ್ಬರನ್ನು ನಿರಾಕರಿಸಿ, ಸ್ಪೀಕರ್‌ನ ಗುಣಗಳಲ್ಲೆಲ್ಲ ಕೊಂಡವನ ಅನುಭವಕ್ಕೆ ಪೂರ್ತಿ ದಕ್ಕುವುದು ತೂಕ ಒಂದೇ, ಆದ್ದರಿಂದ ಹೋಲಿಕೆಯೂ ತೂಕದಿಂದಲೇ ಆರಂಭವಾಗತಕ್ಕದ್ದು ಎಂದು ಇಲ್ಲಿ ಸಾಧಿಸಲಾಗುವುದು.

ಅಗ್ಗದ ಪೆಟ್ಟಿಗೆಗಳ ಮೇಲೆ ಅಚ್ಚಾಗುವ ಪಿಎಂಪಿಒ ಎಂಬ ಸಾವಿರಾರು ವ್ಯಾಟನ್ನು ಅಳೆಯಲು ಒಪ್ಪಿತ ಕ್ರಮವೇ ಇಲ್ಲ. ಅದನ್ನು ಪುರಾಣವೆಂದು ಬದಿಗಿಟ್ಟು ಆರ್‌ಎಂಎಸ್ ಅನ್ನಷ್ಟೇ ನಂಬೋಣ. ಜೆಬಿಎಲ್ ಪಾರ್ಟಿಬಾಕ್ಸ್ 110ರದು 160 ವ್ಯಾಟ್, 310ರದು 240. ಒಂದೂವರೆ ಪಟ್ಟು ವ್ಯಾಟ್, ಆದ್ದರಿಂದ ಒಂದೂವರೆ ಪಟ್ಟು ಸದ್ದು ಎಂಬುದು ಪೂರ್ವಪಕ್ಷ. ಆದರೆ ಕಿವಿ ಹಾಗೆ ಗುಣಿಸುವುದಿಲ್ಲ. ವ್ಯಾಟ್ ಇಮ್ಮಡಿಯಾದರೆ ಏರುವುದು 3 ಡೆಸಿಬಲ್. ಸದ್ದು ಎರಡು ಪಟ್ಟಾಯಿತು ಅನಿಸಬೇಕಾದರೆ ವ್ಯಾಟ್ ಸುಮಾರು ಹತ್ತು ಪಟ್ಟಾಗಬೇಕು. ಉಳಿದೆಲ್ಲ ಸಮವೆಂದಿಟ್ಟುಕೊಂಡರೆ ಈ ಎರಡು ಪೆಟ್ಟಿಗೆಗಳ ಅಂತರ 1.8 ಡೆಸಿಬಲ್‌ಗೂ ಕಮ್ಮಿ. ತೂಕದ ಅಂತರವೋ? ಒಂದು ಸುಮಾರು 10.8 ಕೆಜಿ, ಇನ್ನೊಂದು 17.4. ಅಂದರೆ ಹೆಚ್ಚುವರಿ ಡೆಸಿಬಲ್ ಒಂದಕ್ಕೆ ಮೂರೂವರೆ ಕೆಜಿ ಮಿಕ್ಕ ಹೊರೆ. ಇದನ್ನು ಸದ್ದಿನ ಸುಂಕ ಎನ್ನಬಹುದು.

ಇನ್ನು ರಾಜಶಾಸನ. ಶಬ್ದಮಾಲಿನ್ಯ ನಿಯಂತ್ರಣಕ್ಕಾಗಿ 2000ದಲ್ಲಿ ಬಂದ ಕೇಂದ್ರದ ನಿಯಮಗಳ ಪ್ರಕಾರ ವಸತಿ ಪ್ರದೇಶದ ಮಿತಿ ಹಗಲು 55 ಡೆಸಿಬಲ್, ರಾತ್ರಿ 45. ಇಬ್ಬರು ಎದುರುಬದುರು ಕೂತು ಬಿಪಿ ಮಾತ್ರೆಯ ವಿಚಾರ ಮಾತಾಡಿದರೇ ಸುಮಾರು 60 ಆಗುತ್ತದೆ! ಈ ಮಿತಿಯೊಳಗೆ ನುಡಿಸುವಾಗ 240 ವ್ಯಾಟಿನ ಪೆಟ್ಟಿಗೆಗೂ ಅಂಗೈಯಗಲದ ಸ್ಪೀಕರ್‌ಗೂ ಹೇಳಿಕೊಳ್ಳುವಂಥ ಭೇದವಿಲ್ಲ. ಮಿಕ್ಕ ವ್ಯಾಟುಗಳು ಬೀರುವಿನಲ್ಲಿಟ್ಟ ಬೆಳ್ಳಿ ತಟ್ಟೆಯಂತೆ, ಇವೆ ಎಂಬ ಸಮಾಧಾನಕ್ಕೆ ಮಾತ್ರ. ತೂಕ ಹಾಗಲ್ಲ. ವಾಲ್ಯೂಮನ್ನು ಸೊನ್ನೆಗೆ ಇಳಿಸಿದರೂ ಅದು ಇಳಿಯುವುದಿಲ್ಲ.

ಬ್ಯಾಟರಿವಾದವೂ ಇದೇ ಶಾಸನದ ಮುಂದೆ ಸೋಲುತ್ತದೆ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ನಿಷಿದ್ಧ; ಉಳಿಯುವುದು 16 ಗಂಟೆ. ಆದರೆ 310ರ ಬ್ಯಾಟರಿ 18 ಗಂಟೆ ಬಾಳುತ್ತದೆಂದು ಕಂಪನಿ ಹೇಳುತ್ತದೆ. ಕೊನೆಯ ಎರಡು ಗಂಟೆ ಹುಟ್ಟಿನಿಂದಲೇ ಕಾನೂನುಬಾಹಿರ. ಹಬ್ಬ-ಉತ್ಸವಗಳಿಗೆಂದು ರಾಜ್ಯ ಸರ್ಕಾರ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿವರೆಗೆ ಸಡಿಲಿಕೆ ಕೊಡಬಹುದು. ಬೆಳಗ್ಗೆ 6ರಿಂದ ಎಣಿಸಿದರೆ ಆಗ ಸರಿಯಾಗಿ 18 ಗಂಟೆ! ಕಂಪನಿಯ ಎಂಜಿನಿಯರುಗಳು ನಮ್ಮ ಗಣೇಶೋತ್ಸವವನ್ನು ಆಳವಾಗಿ ಅಭ್ಯಸಿಸಿದಂತಿದೆ.

ಆಕ್ಷೇಪಗಳಿವೆ. 310ಕ್ಕೆ ಚಕ್ರವಿದೆ, ಎಳೆಯುವ ಹಿಡಿಯಿದೆ, ತೂಕದ ಮಾತೇಕೆ ಎನ್ನುವರು. ಚಕ್ರ ಸಮತಲದ ಸತ್ಯ. ಪಾರ್ಟಿ ನಡೆಯುವುದು ತಾರಸಿಯಲ್ಲಿ, ಲಿಫ್ಟು ನಿಲ್ಲುವುದು ಅದರ ಕೆಳಗಿನ ಮಹಡಿಯಲ್ಲಿ. ಎರಡನೆಯದು ಗಟ್ಟಿ ಆಕ್ಷೇಪ: ಬೇಸ್. 110ರಲ್ಲಿ 5.25 ಇಂಚಿನ ವೂಫರ್ ಎರಡಾದರೆ 310ರಲ್ಲಿ 6.5 ಇಂಚಿನವು ಎರಡು, ಎದೆ ಗುಮ್ಮೆನ್ನಿಸಲು ದೊಡ್ಡ ಕೋನ್ ಬೇಕೇ ಬೇಕು. ಒಪ್ಪೋಣ. ಕಾನೂನಿನ ಮೀಟರೂ ವ್ಯಾಟ್‌ವಾದಿಯ ಪರವೇ. ಅದು ಕಿವಿಯನ್ನು ಅನುಕರಿಸುವ ಎ-ತೂಕದ ಅಳತೆಯಾದ್ದರಿಂದ 50 ಹರ್ಟ್ಸ್ ನಾದದಲ್ಲಿ ಸುಮಾರು 30 ಡೆಸಿಬಲ್ ಮಾಫಿ ಮಾಡುತ್ತದೆ. ಆದರೆ ಆ ನಾದದ ಅಲೆ ಸುಮಾರು ಏಳು ಮೀಟರ್ ಉದ್ದ; ಆರಿಂಚಿನ ಗೋಡೆ ಅದಕ್ಕೆ ಯಾವ ಲೆಕ್ಕ? ಗಾಯಕಿಯ ಗಂಟಲು ನಮ್ಮ ಕಡೆ ಉಳಿದು, ಗುಂಡಿಗೆ ನಡುಗಿಸುವ ಭಾಗ ಮಾತ್ರ ಆಚೆ ದಾಟುತ್ತದೆ. ಮೀಟರು ಸುಮ್ಮನಿದ್ದರೂ ಪಕ್ಕದ ಮನೆಯ ಪಾತ್ರೆ ಸ್ಟ್ಯಾಂಡು ಸುಮ್ಮನಿರುವುದಿಲ್ಲ. ಕಂತು ನಮ್ಮದು, ಬೇಸ್ ಅವರದು.

ನೀರಿನ ವಿಚಾರ ಎರಡೇ ಮಾತು: ಐಪಿಎಕ್ಸ್4 ಎಂದರೆ ಎರಚಲು ತಡೆದೀತು, ಆಷಾಢದ ಮಳೆಯಲ್ಲಿ ಬಿಟ್ಟು ಬರಲು ಪರವಾನಗಿಯಲ್ಲ.

ಆದ್ದರಿಂದ ಅಂಗಡಿಯವನು ಹಾಡು ಹಾಕುವ ಮುನ್ನವೇ ತಡೆಯಿರಿ. ಪೆಟ್ಟಿಗೆಯನ್ನು ಕೈಗೆತ್ತಿಕೊಂಡು ಅಲ್ಲೇ ಯಾವುದಾದರೂ ಮೆಟ್ಟಿಲು ಎರಡು ಮಹಡಿ ಹತ್ತಿ ಇಳಿಯಿರಿ. ಬಂದ ಮೇಲೂ ಬೆಲೆ ಕೇಳುವಷ್ಟು ಉಸಿರು ಉಳಿದಿದ್ದರೆ ಬಿಲ್ ಮಾಡಿಸಿ.